ತೊಟ್ಟಿ ತುಂಬುವ ಲೆಕ್ಕ

ಹೊಸಪೇಟೆಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ ಮೇಲೆ ನನಗೆ ಪಿಎಚ್‌ಡಿ ಮಾಡುವ ಹುಚ್ಚು ಹತ್ತಿತು. ವಿಷಯ, ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ ಜನಸಾಮಾನ್ಯರು ಗಣಿತ ಕಲಿತ ಪುಸ್ತಕಗಳು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತಮಾಷೆ. "ಮೇಡಂ, ಹಂಪಿ ಮಗ್ಗಲಾಗ ಇಟ್ಕೊಂಡು ಇಂಗ್ಲೆಂಡಿಗೆ ಯಾಕ ಹೊಂಟೀರಿ?" ಎಂದು ಇತಿಹಾಸದ ಮೇಷ್ಟ್ರು ದಿನಾ ಕೆಣಕುತ್ತಿದ್ದರು. ನಾನೇನೂ ಎಲ್ಲಿಗೂ ಹೋಗಲಿಲ್ಲ. ಆ ಪುಸ್ತಕಗಳ ಪುಟಗಳ ಚಿತ್ರಗಳು ಕಂಪ್ಯೂಟರಿನಲ್ಲೇ ಸಿಗುತ್ತಿದ್ದವು. ಮಧ್ಯಾಹ್ನದ ಊಟ ಮುಗಿಸಿ, ಕಣ್ಣು ಕಿರಿದು ಮಾಡಿಕೊಂಡು ಓದುತ್ತಿದ್ದೆ.

ಆ ಪುಸ್ತಕಗಳನ್ನು ಕೊಂಡವರೆಲ್ಲ ದೊಡ್ಡ ವಿದ್ವಾಂಸರೇನೂ ಆಗಿರಲಿಲ್ಲ. ಅಂಗಡಿಯವರು, ಹಡಗಿನವರು, ಹೊಲ ಅಳೆಯುವವರು, ನೇಕಾರರು ಕೂಡ ಕೊಂಡಿದ್ದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದೆ ತಾವಾಗಿಯೇ ಕಲಿಯಲು ಹೊರಟಿದ್ದ ಈ ಜನರ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿತು. ಎಷ್ಟೋ ಪುಸ್ತಕಗಳಲ್ಲಿ ಅಚ್ಚಿನ ತಪ್ಪುಗಳ ಪಟ್ಟಿಯೊಂದು ಇರುತ್ತಿತ್ತು. ಓದುವ ಮೊದಲು ಇವನ್ನು ದಯವಿಟ್ಟು ನಿಮ್ಮ ಲೇಖನಿಯಿಂದಲೇ ತಿದ್ದಿಕೊಳ್ಳಿ ಎಂದು ಬರೆದವರೇ ಕೇಳಿಕೊಳ್ಳುತ್ತಿದ್ದರು. ಓದುವವರೂ ಸುಮ್ಮನಿರುತ್ತಿರಲಿಲ್ಲ. ಒಂದು ಅಂಕಗಣಿತದ ಪುಸ್ತಕದಲ್ಲಿ, ನೀರಿನ ತೊಟ್ಟಿಯ ಲೆಕ್ಕದ ಕೆಳಗೆ, ಪಟ್ಟಿಯಲ್ಲಿಲ್ಲದ ತಪ್ಪೊಂದನ್ನು ಯಾರೋ ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದ ಉತ್ತರ ಬರೆದಿದ್ದರು. ಮೊದಲ ಪುಟದಲ್ಲಿ ಅದೇ ಕೈಬರಹದಲ್ಲಿ ಪುಸ್ತಕದ ಒಡತಿಯ ಹೆಸರಿತ್ತು. ಅವತ್ತು ಮುಂದೆ ಓದಲಾಗದೆ ಕಂಪ್ಯೂಟರ್ ಮುಚ್ಚಿದೆ.

ಯಾಕೆಂದರೆ ಸಂಡೂರಿನ ಶಾಲೆಯಲ್ಲಿ, ಎಂಟನೇ ತರಗತಿಯಲ್ಲಿ, ನನ್ನ ಅಕ್ಕನೂ ಅದನ್ನೇ ಮಾಡಿದ್ದಳು. ಜ್ವರದಿಂದ ಒಂದು ವರ್ಷ ಕಳೆದುಕೊಂಡು ಅವಳು ನನ್ನ ತರಗತಿಗೇ ಬಂದಿದ್ದಳು. ಲೆಕ್ಕ ಇಷ್ಟೇ: ಒಂದು ನಲ್ಲಿ ತೊಟ್ಟಿಯನ್ನು ಮೂರು ತಾಸಿನಲ್ಲಿ ತುಂಬುತ್ತದೆ, ಇನ್ನೊಂದು ಆರು ತಾಸಿನಲ್ಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತು? ಅಕ್ಕನಿಗೆ ಎರಡು ತಾಸು ಬಂತು. ನನಗೂ ಎರಡೇ ಬಂದಿತ್ತು. ಆದರೆ ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ ಮೂರು. ನಾನು ರಬ್ಬರ್ ತೆಗೆದುಕೊಂಡೆ. ಮೊದಲ ನಲ್ಲಿ ತಾಸಿಗೆ ತುಂಬುವುದು ತೊಟ್ಟಿಯ ಮೂರನೇ ಒಂದು ಭಾಗ ಎಂದಿದ್ದ ಕಡೆ ಆರನೇ ಒಂದು ಎಂದು ತಿದ್ದಿದೆ. ಲೆಕ್ಕ ಬಾಲ ಮುದುರಿಕೊಂಡು ಮೂರಕ್ಕೆ ಬಂದು ನಿಂತಿತು.

ಸರ್ ನನ್ನ ನೋಟುಬುಕ್ಕಿಗೆ ರೈಟ್ ಹಾಕಿದರು, ಅಕ್ಕನನ್ನು ಎದ್ದು ನಿಲ್ಲಿಸಿದರು.

"ಸರ್, ಒಂದ ನಲ್ಲಿ ಬಿಟ್ರ ಮೂರು ತಾಸು. ಎರಡೂ ಬಿಟ್ರೂ ಮೂರ ತಾಸು ಅಂದ್ರ ಹ್ಯಾಂಗ್ರಿ?" ಎಂದಳು ಅಕ್ಕ.

"ಪುಸ್ತಕ ಬರದವರಿಗಿಂತ ನೀ ಭಾಳ ಶ್ಯಾಣೇಕಿ ಏನು? ನಿನ್ನ ತಂಗಿಗೆ ಬಂದೈತಿ, ನಿನಗ ಯಾಕ ಬರವಲ್ದು?"

ಪೀರಿಯಡ್ ಮುಗಿಯುವವರೆಗೂ ಅವಳು ನಿಂತೇ ಇದ್ದಳು. ಉತ್ತರ ಮಾತ್ರ ಬದಲಿಸಲಿಲ್ಲ. ಒಂದೆರಡು ಸಲ ನನ್ನ ಕಡೆ ನೋಡಿದಳು. ನಾನು ಕಿಟಕಿಯಾಚೆ ಅದಿರಿನ ಲಾರಿಗಳನ್ನು ನೋಡುತ್ತ ಕುಳಿತೆ. ಸರ್ ಕೆಟ್ಟವರಲ್ಲ. ಅವರ ಬಳಿ ಇದ್ದದ್ದು ಅದೊಂದೇ ಪುಸ್ತಕ, ಅದನ್ನು ಅನುಮಾನಿಸಬಹುದು ಎಂದು ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೆ ಗೊತ್ತಿತ್ತಲ್ಲ, ನಾನು ಬಾಯಿ ಬಿಡಲಿಲ್ಲ. ಅಕ್ಕ ಆಮೇಲೆ ಗಣಿತದ ಪುಸ್ತಕ ತೆರೆಯುವುದನ್ನೇ ಬಿಟ್ಟಳು, ಹತ್ತನೇ ತರಗತಿಯಲ್ಲಿ ಅದರಲ್ಲೇ ಫೇಲಾದಳು, ಮದುವೆಯಾಗಿ ಬುಕ್ಕಸಾಗರಕ್ಕೆ ಹೋದಳು. ನಾನು ಗಣಿತದ ಮೇಡಂ ಆದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆ ಪುಟ ನೋಡಿದ ಮುಂದಿನ ಭಾನುವಾರ ಬುಕ್ಕಸಾಗರದ ಬಸ್ಸು ಹತ್ತಿದೆ. ಅಕ್ಕ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಸುತ್ತಿ ಬಳಸದೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳ ಕೈ ಬೇಳೆಯಲ್ಲೇ ನಿಂತಿತು.

"ಎರಡ ಸರಿ ಇತ್ತಾ?"

"ಹೂಂ ಅಕ್ಕಾ. ನನಗೂ ಎರಡ ಬಂದಿತ್ತು. ಅಳಿಸಿ ಮೂರು ಮಾಡಿದೆ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಅವಳು ಬೇಳೆಯಿಂದ ಕಲ್ಲೊಂದನ್ನು ಹೆಕ್ಕಿ ಎಸೆದು ಹೇಳಿದಳು: "ನಮ್ಮ ತಲಿಗೆ ಲೆಕ್ಕ ಹತ್ತಂಗಿಲ್ಲ, ನನ್ನಂಗ ಎಲ್ಲರ ಮುಂದ ನಿಂತು ಅನಿಸ್ಕೋಬ್ಯಾಡ ಅಂತ ಮಗಳಿಗೆ ಸೈನ್ಸ್ ಬ್ಯಾಡ ಅಂದೆ. ಆಕಿ ಎಷ್ಟು ಅತ್ತಿದ್ಲು, ನಿನಗೇನ ಗೊತ್ತು."

ಗಣಿತದಲ್ಲಿ ಅಷ್ಟು ಒಳ್ಳೆಯ ಅಂಕ ಇದ್ದೂ ಆ ಹುಡುಗಿ ಆರ್ಟ್ಸ್ ತೆಗೆದುಕೊಂಡಾಗ, ಅಕ್ಕನಿಗೆ ಬುದ್ಧಿ ಇಲ್ಲ ಎಂದು ಮನೆಗೆ ಬಂದು ಗೊಣಗಿದವಳು ನಾನೇ. ಈಗ ಆ ಹುಡುಗಿ ಕಂಪ್ಲಿಯ ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸಿ ಮಡಚಿಡುತ್ತಾಳೆ.

ಅಕ್ಕ ಮೊರ ಕೆಳಗಿಟ್ಟು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದು, ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು.

"ನನಗ ಹೇಳಿದ್ದು ಸಾಕು. ಆಕಿಗೆ ಹೇಳು."

ನಾಲ್ಕು ಸಲ ರಿಂಗಾಯಿತು. ಎತ್ತದಿದ್ದರೆ ಸಾಕು ಎಂದು ಒಂದು ಗಳಿಗೆ ಅನಿಸಿತು. "ಹೇಳವ್ವಾ" ಎಂದಿತು ಆ ಕಡೆಯ ದನಿ, ತಾಯಿಯೇ ಎಂದುಕೊಂಡು.

"ಅವ್ವ ಅಲ್ಲ, ನಾನು, ಚಿಕ್ಕಮ್ಮ" ಎಂದೆ. ಅಕ್ಕ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.