ಮಹಾಂತ ಗುರೂಜಿಯ ಕಂಬಳಿ

ಸೋನ್ಯಾಳ ಊರಿನ ಕನ್ನಡ ಶಾಲೆಯ ಹೆಡ್‌ಮಾಸ್ತರ ಮಹಾಂತ ಗುರೂಜಿಗೆ ಯಾವ ಶಿಕ್ಷಕರ ಮುಖ ಬಾಡಿದರೂ ಜೀವ ತಡೆಯುವುದಿಲ್ಲ. ಅದಕ್ಕೆಂದೇ ಆಫೀಸಿನಲ್ಲಿ ಮಾಡಗ್ಯಾಳ ತಳಿಯ ಕುರಿಯ ಒರಟು ಉಣ್ಣೆಯ ಕಂಬಳಿ ಸದಾ ಹಾಸಿರುತ್ತದೆ. "ಶೈಲಾ ಅಕ್ಕೋರ, ಭಾಳ ದಣದೀರಿ. ಲಗೂನ ಮಲಕೋರಿ, ನಿಮ್ಮ ತಾಸು ನಾ ತಗೋತೀನಿ!" ಎಂದು ಆ ಶಿಕ್ಷಕಿಯ ಪಾಠದ ಅವಧಿಗೆ ತಾವೇ ಹೊರಡುತ್ತಾರೆ. ಬೇಡವೆಂದರೆ ಸಿಟ್ಟು. ಮಲಗಿದರೆ ಕಂಬಳಿ ಚುಚ್ಚುತ್ತದೆ, ಪಕ್ಕದ ಕೋಣೆಯಲ್ಲಿ ಗುರೂಜಿ ಮಗ್ಗಿ ಹೇಳಿಸುವ ಅಬ್ಬರಕ್ಕೆ ಮೇಲಿನ ತಗಡು ಅದುರುತ್ತದೆ. ಸಾಲದ್ದಕ್ಕೆ ನಡುವೆ ಓಡಿ ಬಂದು, "ನಿದ್ದಿ ಹತ್ತಿತೇನ್ರಿ?" ಎಂದು ಎಬ್ಬಿಸಿ ಕೇಳುತ್ತಾರೆ. ಈ ಕಂಬಳಿಯ ಹೆದರಿಕೆಗೆ ಎಷ್ಟೇ ದಣಿದವರೂ ನಗುನಗುತ್ತಲೇ ಓಡಾಡುತ್ತಾರೆ. ಗುರೂಜಿಗೆ ಅದೇ ಹೆಮ್ಮೆ. ಮೊನ್ನೆ ನಗುತ್ತಿದ್ದವರನ್ನೂ ಬಿಡದೆ ಎಲ್ಲರ ತಾಸೂ ತಾವೇ ತೆಗೆದುಕೊಂಡು, ಗಂಟಲು ಕಟ್ಟಿ, ಗೋಡೆಗೊರಗಿದರು. ಶೈಲಾ ಕಂಬಳಿ ತೋರಿಸಿದರು. "ನನಗೇನಾಗ್ಯದ್ರಿ, ನಾ ಚಲೋ..." ಎನ್ನುವಷ್ಟರಲ್ಲಿ ಗೊರಕೆ. ಆ ಮಧ್ಯಾಹ್ನ ಇಡೀ ಶಾಲೆ ಮಗ್ಗಿಯನ್ನು ಪಿಸುದನಿಯಲ್ಲಿ ಹೇಳಿತು.