ಕಡು ಗುಲಾಬಿ

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದ ಅವಳನ್ನು ಎಲ್ಲರೂ ಲ್ಯಾಬ್ ಅಕ್ಕ ಎಂದೇ ಕರೆಯುತ್ತಿದ್ದರು. ಹೆಪ್ಪುಗಟ್ಟಿದ ರಕ್ತವನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಮೇಲೆ ನಿಂತ ಹಳದಿ ತಿಳಿಯನ್ನು ಒಂದು ಹನಿಗಿಂತ ಕಡಿಮೆ ತೆಗೆದು ಪರೀಕ್ಷೆಯ ದ್ರವಕ್ಕೆ ಬೆರೆಸುವುದು, ಹತ್ತು ನಿಮಿಷ ಬೆಚ್ಚಗಿಟ್ಟು ಬಣ್ಣ ಅಳೆಯುವುದು ಅವಳ ಕೆಲಸ. ಕೊಲೆಸ್ಟ್ರಾಲ್ ಹೆಚ್ಚಿದಷ್ಟೂ ಗುಲಾಬಿ ಕಡುವಾಗುತ್ತದೆ. ಮೀಟರು ಹೇಳುವ ಮೊದಲೇ ಅವಳ ಕಣ್ಣು ಹೇಳುತ್ತಿತ್ತು.

ಅವಳ ತಮ್ಮ ನಲ್ಲಿ ರಿಪೇರಿ ಮಾಡುವವನು. ಕಡ್ಡಿ ಪೈಲ್ವಾನ, ಬೀದಿಗೆಲ್ಲ ಬರೀ ಕಡ್ಡಿ. ಅವರಪ್ಪ ನಲವತ್ತೊಂದಕ್ಕೇ ಎದೆ ಹಿಡಿದುಕೊಂಡು ಹೋಗಿದ್ದ. ಹಾಗಾಗಿ ಒಂದು ದಿನ ತಮ್ಮನ ರೆಪ್ಪೆಯ ಮೂಲೆಯಲ್ಲಿ ಕೊಬ್ಬು ಕಟ್ಟಿದ ಹಳದಿ ಗಂಟು ಕಂಡಾಗ ಅವಳು ಅವನನ್ನು ಅಲ್ಲೇ ತಡೆದು ನಿಲ್ಲಿಸಿದಳು.

"ನಾಳೆ ಬೆಳಿಗ್ಗೆ ಏನೂ ತಿನ್ನದೆ ಲ್ಯಾಬಿಗೆ ಬಾ."

"ಅಯ್ಯೋ ಅಕ್ಕಾ, ಕೊಬ್ಬು ಇರೋಕೆ ಮೈ ಬೇಕಲ್ಲ! ನೀನು ಈ ಕಡೆ ಚುಚ್ಚಿದ್ರೆ ಸೂಜಿ ಆ ಕಡೆ ಬರುತ್ತೆ."

ಬೈಸಿಕೊಂಡ ಮೇಲೆ ಬಂದ. ಅವನ ಗಾಜಿನ ನಳಿಕೆಯ ದ್ರವ ಕಡುಗೆಂಪಿಗೆ ತಿರುಗಿತು. ದ್ರವ ಹಳತಾಗಿರಬೇಕೆಂದು ಹೊಸ ಬಾಟಲಿ ತೆರೆದಳು. ಅದೇ ಬಣ್ಣ. ಮೀಟರಿನ ಅಳತೆ ಮೀರಿದ್ದರಿಂದ ತಿಳಿಯನ್ನು ಅರ್ಧಕ್ಕರ್ಧ ತೆಳುಮಾಡಿ ಅಳೆದು ಬಂದದ್ದನ್ನು ದುಪ್ಪಟ್ಟು ಮಾಡಿದಳು. ನಾನೂರ ಹನ್ನೆರಡು. ಇನ್ನೂರರೊಳಗಿರಬೇಕಾದದ್ದು.

ವಂಶದಲ್ಲೇ ಬಂದದ್ದು ಎಂದು ಡಾಕ್ಟರು ಮಾತ್ರೆ ಬರೆದರು. ತಮ್ಮ ಎರಡು ತಿಂಗಳು ನುಂಗಿ, "ಎಲ್ಲೂ ನೋವೇ ಇಲ್ಲ, ಮಾತ್ರೆ ಯಾಕಕ್ಕಾ?" ಎಂದು ಬಿಟ್ಟ. ಅವಳು ಅತ್ತಳು, ಕೂಗಾಡಿದಳು, ಕೊನೆಗೆ ಮಾತೇ ಬಿಟ್ಟಳು. ಅದಕ್ಕೆ ಸೋತು ಆರು ತಿಂಗಳ ಮೇಲೆ ಮತ್ತೆ ಶುರುಮಾಡಿದ. ಅದೇ ವಾರ, ಯಾರದೋ ಅಡುಗೆಮನೆಯ ಸಿಂಕಿನ ಕೆಳಗೆ ತೂರಿಕೊಂಡು ಪೈಪು ಬಿಗಿಮಾಡುತ್ತಿದ್ದವನು ಅಲ್ಲೇ ಹೋಗಿಬಿಟ್ಟ. ಮೂವತ್ತೊಂಬತ್ತು ವಯಸ್ಸು.

ತಿಂಗಳ ನಂತರ ತಮ್ಮನ ಹೆಂಡತಿ ಮರಣ ಪ್ರಮಾಣಪತ್ರ ತರಲು ಹೋಗುವಾಗ ಏಳು ವರ್ಷದ ಮಗಳನ್ನು ಲ್ಯಾಬಿನಲ್ಲಿ ಬಿಟ್ಟುಹೋದಳು. ಲ್ಯಾಬ್ ಅಕ್ಕ ಯಾರನ್ನೂ ಕೇಳಲಿಲ್ಲ. ಹುಡುಗಿಯ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆದಳು. ಹುಡುಗಿ ಅಳಲಿಲ್ಲ, ಸ್ಟೂಲಿನ ಮೇಲೆ ಕೂತು ಸಾಲು ನಳಿಕೆಗಳು ಬಣ್ಣ ಕಟ್ಟುವುದನ್ನೇ ನೋಡಿದಳು.

"ಅತ್ತೆ, ಎಲ್ಲರದಕ್ಕಿಂತ ನಂದೇ ಚೆನ್ನಾಗಿದೆ!"

"ಹೂಂ ಪುಟ್ಟೀ," ಎಂದಳು. ಮುನ್ನೂರ ಅರವತ್ತೆಂಟು.

ಸಂಜೆ ವಿಷಯ ಹೇಳಿದಾಗ ತಾಯಿ ಮಗಳನ್ನು ತನ್ನ ಹಿಂದಕ್ಕೆಳೆದುಕೊಂಡಳು. "ನನ್ನ ಕೇಳದೆ ಮಗುಗೆ ಸೂಜಿ ಚುಚ್ಚಿದ್ರಾ?"

"ಈಗಲೇ ಔಷಧಿ ಶುರುಮಾಡಿದ್ರೆ ಇವಳು ಉಳೀತಾಳೆ ಕಣಮ್ಮಾ."

"ನಿಮ್ಮ ಕಾಟಕ್ಕೆ ಮಾತ್ರೆ ನುಂಗಿದ ವಾರಕ್ಕೇ ಅವರು ಹೋದ್ರು. ಈಗ ಇವಳೂ ಹೋಗ್ಬೇಕಾ?"

ಅವನನ್ನು ಕೊಂದದ್ದು ಮಾತ್ರೆಯಲ್ಲ, ಬಿಟ್ಟ ಆರು ತಿಂಗಳು ಎಂದು ವಿವರಿಸಲು ಹೋದಳು. ಕೇಳದೆ ರಕ್ತ ತೆಗೆದವಳ ಮಾತು ಯಾರು ಕೇಳುತ್ತಾರೆ? ಹದಿನೈದು ದಿನದಲ್ಲಿ ತಾಯಿ ಮಗಳು ಮನೆ ಖಾಲಿಮಾಡಿದರು. ಫೋನು ಹೋಗಲಿಲ್ಲ. ತಮ್ಮನ ಹೆಂಡತಿಯ ತವರಿನ ವಿಳಾಸಕ್ಕೆ ರಿಪೋರ್ಟಿನ ಪ್ರತಿ ಕಳಿಸಿದಳು. ಲಕೋಟೆ ಒಡೆಯದೆ ವಾಪಸು ಬಂತು. ತಾನೇ ಹೋದಳು, ಬಾಗಿಲಲ್ಲಿ ನಿಂತ ಹುಡುಗಿಯ ಅಜ್ಜ, "ಅವರಿಲ್ಲಿಲ್ಲ, ಎಲ್ಲಿದಾರೆ ಅಂತ ಕೇಳ್ಬೇಡಿ," ಎಂದ.

ಲ್ಯಾಬಿನ ಕೆಲಸ ಅವಳು ಬಿಟ್ಟಿಲ್ಲ. ಹುಡುಗಿಗೆ ಈಗ ಹನ್ನೊಂದು ತುಂಬಿರಬೇಕು. ಯಾವ ಊರಿನಲ್ಲಿದ್ದಾಳೆ, ಯಾವ ಶಾಲೆಗೆ ಹೋಗುತ್ತಾಳೆ, ಒಂದೂ ಅವಳಿಗೆ ಗೊತ್ತಿಲ್ಲ.