ಮಾವನೆದುರಿನ ಎತ್ತರದ ಕುರ್ಚಿ

ಕಳೆದ ಜೂನ್‌ನ ಮೊದಲ ಸೋಮವಾರ, ಬೆಳಿಗ್ಗೆ ಹತ್ತೂವರೆ. ಫಿಸಿಯೋಥೆರಪಿಸ್ಟ್ ಆಗಿ ಮನೆಮನೆಗೆ ಹೋಗುವ ಕೆಲಸದಲ್ಲಿ ಅದು ನನ್ನ ಎರಡನೇ ವರ್ಷ. ಭಾಂಡುಪ್‌ನ ಒಂದೊಂದೇ ಕೋಣೆಯ ಮನೆಗಳು ಸಾಲಾಗಿರುವ ಚಾಳೊಂದರ ಎರಡನೇ ಮಹಡಿಯಲ್ಲಿ ವಿಜಯಪುರದ ಕಡೆಯ ನೀಲವ್ವ ಕಾಯುತ್ತಿದ್ದರು. ವಯಸ್ಸು ಐವತ್ತೇಳು. ಬಲಸೊಂಟದ ಕೀಲು ಬದಲಿಸಿ ಎರಡು ವಾರವಾಗಿತ್ತು.

ಒಂದೇ ಖೋಲಿ. ಸೆಕ್ಯೂರಿಟಿ ಡ್ಯೂಟಿಗೆ ಹೋಗುವ ಗಂಡ, ಎಂಬತ್ತು ದಾಟಿದ ಮಾವ ಬಸಪ್ಪ. ನೀಲವ್ವ ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದವರು.

“ಆರು ವಾರಕ್ಕ ಎಲ್ಲಾ ಮೊದಲಿನಂಗ ಆಗ್ತೈತಿ ಅಂತ ಮಂದಿ ಅಂದಾರ. ನೆಲಕ್ಕ ಯಾವಾಗ ಕುಂದರ್ಲಿ, ತಂಗಿ?”

ವಾಕರ್ ಬಿಟ್ಟು ಕೋಲು ಹಿಡಿಯಲು ಕೆಲವು ವಾರ, ಪೂರ್ತಿ ಬಲ ಬರಲು ತಿಂಗಳುಗಳೇ ಬೇಕು ಎಂದೆ. ಚಕ್ಕಳಮಕ್ಕಳ ಹಾಕಿದರೆ, ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದರೆ ಹೊಸ ಕೀಲು ಜಾರಬಹುದು. ನೆಲದ ಮೇಲೆ ಕೂರುವುದೇ ಬೇಡವೆಂದು ಅವರ ಸರ್ಜನ್ ಹೇಳಿದ್ದರು. ಮನೆಯ ಒಂದೇ ಮರದ ಕುರ್ಚಿಗೆ ಬಡಗಿಯಿಂದ ಕಾಲು ಎತ್ತರ ಮಾಡಿಸಿಕೊಟ್ಟೆ.

ಮುಂದಿನ ವಾರ ಕಾಲಿನ ಊತ ಇಳಿಯುವ ಬದಲು ಏರಿತು. ರಕ್ತ ಹೆಪ್ಪುಗಟ್ಟಿದೆಯೇ ಎಂದು ಹೆದರಿ, ಅದೇ ಕುರ್ಚಿಯಲ್ಲಿ ಹೊತ್ತು ಕೆಳಗಿಳಿಸಿ ಸ್ಕ್ಯಾನ್ ಮಾಡಿಸಿದೆವು. ಹೆಪ್ಪು ಇರಲಿಲ್ಲ.

ಕಾರಣ ಸಿಕ್ಕಿದ್ದು ನಾನು ಹೇಳದೆ ಬೇಗ ಹೋದ ದಿನ. ಕುರ್ಚಿಯ ಮೇಲೆ ಮಡಚಿದ ಬಟ್ಟೆ. ನೀಲವ್ವ ವಾಕರ್ ಹಿಡಿದು ಕಿಟಕಿಗೆ ಮುಖ ಮಾಡಿ ನಿಂತಿದ್ದರು. ಹಿಂದೆ ನೆಲದ ಮೇಲೆ, ಗೋಡೆಗೊರಗಿ ಬಸಪ್ಪ.

“ಯಾಕ್ರೀ ನಿಂತೀರಿ?”

“ಮಾವನೋರು ನೆಲದಾಗ ಕುಂತಾಗ ನಾ ಕುರ್ಚಿ ಮ್ಯಾಲ ಹ್ಯಾಂಗ ಕುಂದರ್ಲಿ?” ದನಿ ತಗ್ಗಿಸಿದರು. “ಲಗ್ನ ಆದಾಗಿಂದ ಕುಂತಿಲ್ಲ.”

ನಾನು ಬಂದಾಗಲೆಲ್ಲ ಬಸಪ್ಪ ಸಂಕೋಚದಿಂದ ಬಾಗಿಲಾಚೆಯ ಗ್ಯಾಲರಿಗೆ ಹೋಗುತ್ತಿದ್ದರು. ಆ ಅರ್ಧ ಗಂಟೆಯಷ್ಟೇ ನೀಲವ್ವನವರಿಗೆ ಕುರ್ಚಿ. ಉಳಿದ ದಿನವೆಲ್ಲ ನಿಲ್ಲುವುದು, ಇಲ್ಲವೇ ಎತ್ತರದ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗುವುದು. ಮೆಟ್ಟಿಲು ಇಳಿಯಲು ಮುದುಕರಿಗೂ ಆಗದು. ಇಬ್ಬರೂ ಆ ಖೋಲಿಯಲ್ಲಿ ಸಿಕ್ಕಿಬಿದ್ದಿದ್ದರು.

ದಿನವಿಡೀ ನಿಂತೇ ಇರುವುದರಿಂದ ಕಾಲು ಊದಿದೆ ಎಂದು ಬಸಪ್ಪನವರಿಗೇ ಹೇಳಿದೆ. ಅವರು ಸೊಸೆಯ ಕಡೆ ತಿರುಗಿದರು.

“ಕುಂದರಬ್ಯಾಡ ಅಂತ ನಾ ಯಾವಾಗರ ಅಂದೇನೇನವಾ?”

“ಕುಂದರು ಅಂತನೂ ಅಂದಿಲ್ಲರಿ,” ನೀಲವ್ವ ಸೆರಗಿನ ಮರೆಯಿಂದಲೇ ಅಂದರು.

ಬಸಪ್ಪ ಗೋಡೆ ಹಿಡಿದು ಎದ್ದು, ಮಂಚ ಹತ್ತಿ ಕೂತರು. ಪಾದ ನೆಲಕ್ಕೆ ಮುಟ್ಟಲಿಲ್ಲ. “ಹೊಲದಾಗ ಹಕ್ಕಿ ಕಾಯೂ ಅಟ್ಟದ ಮ್ಯಾಲ ಕುಂತಂಗಾತು. ಈಗ ನಾ ಮ್ಯಾಲ ಅದೀನಿ. ಕುಂದರು.”

ನೀಲವ್ವ ಬಟ್ಟೆ ಸರಿಸಿ ಕೂತರು. ಮುಖ ಮಾತ್ರ ಕಿಟಕಿಯ ಕಡೆಗೇ. ಕೆಲವೇ ದಿನಗಳಲ್ಲಿ ಊತ ಇಳಿಯತೊಡಗಿತು.

ಈಗ ಕೋಲು ಹಿಡಿದು ಮೊದಲ ಮಹಡಿಯವರೆಗೆ ಇಳಿದು ಮರಳುತ್ತಾರೆ. ಬೀದಿ ಇನ್ನೂ ದೂರ. ನೆಲದ ಪ್ರಶ್ನೆ ಇನ್ನೂ ಕೇಳುತ್ತಾರೆ, ನಾನು ಇಲ್ಲವೆನ್ನುತ್ತೇನೆ. ಹೇಗೆ ಕೂರುತ್ತೀರಿ ಎಂದು ಕೇಳಿದರೆ ಸಾಲದು, ಯಾರೆದುರು ಕೂರುತ್ತೀರಿ ಎಂದೂ ಕೇಳಬೇಕೆಂದು ಈ ಕೆಲಸ ಕಲಿಸಿತು.

ಇಂಥ ಆಪರೇಷನ್ ಆದ ಮೇಲೆ ಅಡುಗೆ ಕಟ್ಟೆಯ ಮುಂದೆ ನಿಂತೇ ರೊಟ್ಟಿ ಬಡಿಯುವವರು ಯಾರಾದರೂ ಇದ್ದರೆ, ಕಟ್ಟೆ ಎಷ್ಟು ಎತ್ತರ, ಎಷ್ಟು ಹೊತ್ತು ನಿಲ್ಲಲಾಗುತ್ತದೆ ಎಂದು ದಯವಿಟ್ಟು ಬರೆದು ತಿಳಿಸಿ. ನನಗೆ ಗೊತ್ತಿಲ್ಲ. ನೀಲವ್ವ ಹಿಟ್ಟು ತರಿಸಿಟ್ಟಿದ್ದಾರೆ.